ಬಳೆಗಾರನ ಮಾತಾಡುವ ಪೆಟ್ಟಿಗೆ

"ಬುದ್ಧೀ, ಹೆಸರು ಹೇಳಲೊಪ್ಪದ ದಾನಿಯೊಬ್ಬರು ನಮ್ಮ ಮಠದ ಖಾತೆಗೆ ದೊಡ್ಡ ಮೊತ್ತ ಹಾಕುತ್ತಾರಂತೆ. ಹತ್ತರಲ್ಲಿ ಒಂದು ಪಾಲು ನಮಗೆ, ಉಳಿದದ್ದನ್ನು ಅವರು ಹೇಳಿದ ಕಡೆ ಕಳಿಸಬೇಕು. ಹುಡುಗರ ಹಾಸ್ಟೆಲ್ಲಿಗೆ ಚಾವಣಿ ಆಗುತ್ತದೆ. ಒಪ್ಪಿಕೊಳ್ಳಲೇ?" ಎಂದು ಶಿಷ್ಯ ಗುರುಪಾದ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬಳೆಗಾರನಿದ್ದ. ಗಿರಾಕಿ ಫೋನಿನಲ್ಲಿ ಹಣ ಹಾಕಿದೊಡನೆ ಅವನ ಅಂಗಡಿಯ ಪುಟ್ಟ ಪೆಟ್ಟಿಗೆ ಮೊತ್ತವನ್ನು ಕೂಗಿ ಹೇಳುತ್ತಿತ್ತು. "ನಲವತ್ತು ರೂಪಾಯಿ ಬಂದಿದೆ" ಎಂದು ಅದು ಅಂದರೆ ಸಾಕು, ಅವನು ಮುಂದಿನ ಕೈ ಹಿಡಿಯುತ್ತಿದ್ದ.

ಒಮ್ಮೆ ಒಬ್ಬ ವರ್ತಕ ಬಂದ. "ನನ್ನವರು ನಿನಗೆ ಹಣ ಹಾಕುತ್ತಾರೆ. ನೀನು ಅದರಲ್ಲಿ ಕ್ರಿಪ್ಟೊ ಕೊಂಡು ನನಗೆ ದಾಟಿಸು. ಒಂದು ಪಾಲು ನಿನ್ನದು" ಎಂದ. ಕ್ರಿಪ್ಟೊ ಎಂದರೇನೆಂದು ಬಳೆಗಾರ ಕೇಳಿದ. ಅದು ನಾಣ್ಯ, ಆದರೆ ಕಣ್ಣಿಗೆ ಕಾಣದು, ಕೈಗೆ ಸಿಗದು, ಎಲ್ಲೆಲ್ಲೂ ಇರುತ್ತದೆ ಎಂದು ವರ್ತಕ ವಿವರಿಸಿದ. ದೇವರ ವಿಷಯದಲ್ಲೂ ಬಳೆಗಾರ ಇಷ್ಟನ್ನೇ ತಿಳಿದು ಕೈ ಮುಗಿದವನು. ಒಪ್ಪಿಕೊಂಡ.

ಮರುದಿನ ಪೆಟ್ಟಿಗೆ "ಎಂಬತ್ತು ಸಾವಿರ ರೂಪಾಯಿ ಬಂದಿದೆ" ಎಂದಿತು. ಬೀದಿಯೇ ತಿರುಗಿ ನೋಡಿತು. ವರ್ತಕ ಹೇಳಿಕೊಟ್ಟಂತೆ ಬಳೆಗಾರ ಫೋನಿನ ಮೇಲೆ ಹೆಬ್ಬೆರಳು ಒತ್ತಿದ, ಹಣ ನಾಣ್ಯವಾಗಿ ಸಮುದ್ರ ದಾಟಿತು. ತಾನೇ ತಾಲ್ಲೂಕು ದಾಟಿದವನಲ್ಲ, ತನ್ನ ಹೆಬ್ಬೆರಳಿಗೆ ಇಂಥ ಶಕ್ತಿಯೇ ಎಂದು ಅವನು ಅದನ್ನು ಬಹಳ ಹೊತ್ತು ನೋಡಿಕೊಂಡ. ಶುಕ್ರವಾರ ಪೆಟ್ಟಿಗೆಗೆ ಕುಂಕುಮವಿಟ್ಟು ಊದುಬತ್ತಿ ಹಚ್ಚಿದ. ಅಕ್ಕಪಕ್ಕದವರು ಚಪ್ಪಲಿ ಬಿಟ್ಟು ಅಂಗಡಿಯೊಳಗೆ ಬರತೊಡಗಿದರು.

ಎದುರಿನ ಹೂವಿನವಳು ಮಾತ್ರ ನಕ್ಕಳು. "ಇಷ್ಟು ದುಡ್ಡಿನ ಬಳೆ ಯಾರು ತೊಟ್ರು ಅಣ್ಣಾ? ಆನೆಗೇನಾದ್ರೂ ತೊಡಿಸ್ತಿದ್ದೀಯಾ?"

"ಕದ್ದ ದುಡ್ಡು ಹಿಂಗೆ ಬೀದಿಗೆಲ್ಲ ಕೂಗಿ ಹೇಳ್ಕೊಂಡು ಬರುತ್ತೇನಮ್ಮಾ?" ಎಂದ ಬಳೆಗಾರ. ಆ ಮಾತಿಗೆ ಪೇಟೆಯೆಲ್ಲ ತಲೆದೂಗಿತು.

ಗೌರಿಹಬ್ಬದ ಹೊತ್ತಿಗೆ ಬ್ಯಾಂಕಿನವರು ಅವನ ಖಾತೆಯನ್ನು ತಡೆಹಿಡಿದರು. ಬಳೆ ಮಾರಿದ ಹಣವೂ ಅದರೊಳಗೇ ಉಳಿಯಿತು. ವರ್ತಕನ ಫೋನು ಸತ್ತಿತ್ತು. ಆಮೇಲೆ ಒಬ್ಬ ನಿವೃತ್ತ ಶಿಕ್ಷಕಿ ಅಂಗಡಿ ಹುಡುಕಿಕೊಂಡು ಬಂದಳು. ಯಾರೋ ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಹೆದರಿಸಿ, ಅವಳು ಕೂಡಿಟ್ಟದ್ದನ್ನೆಲ್ಲ ಈ ಖಾತೆಗೆ ಹಾಕಿಸಿಕೊಂಡಿದ್ದರು. ನಿಜವಾದ ಪೊಲೀಸರಿಗೆ ಸಿಕ್ಕಿದ್ದು ಈ ಬಳೆಗಾರನ ಹೆಸರೊಂದೇ.

"ನಾನು ಕದ್ದಿಲ್ಲ ತಾಯೀ. ನನ್ನ ಹತ್ತಿರ ಅದು ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ" ಎಂದ ಬಳೆಗಾರ.

"ಅಷ್ಟು ಹೊತ್ತು ನಿಲ್ಲಿಸಿ, ಇದು ಯಾರದು ಅಂತ ಕೇಳಿದ್ದರೆ ಸಾಕಾಗಿತ್ತಲ್ಲಪ್ಪಾ" ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಇನ್ನೂ ಬೆರಗು ಇಳಿದಿರಲಿಲ್ಲ. "ಸಮುದ್ರ ದಾಟಿದ ಹಣ ಅವಳಿಗೆ ಮರಳಿ ಬಂತೇ ಬುದ್ಧೀ?" ಎಂದು ಕೇಳಿದ.

"ಇಲ್ಲ, ಅವಳು ಈಗ ನಮ್ಮ ದಾಸೋಹದಲ್ಲೇ ಎರಡು ಹೊತ್ತೂ ಉಣ್ಣುತ್ತಾಳೆ, ನಾಳೆ ಬಡಿಸುವಾಗ ನಿನ್ನ ದಾನಿಯ ವಿಷಯ ಅವಳನ್ನೇ ಕೇಳು" ಎಂದರು ಗುರುಗಳು.