ಸೊಪ್ಪಿನ ಬರಹಕ್ಕೆ ಬಂದ ಪ್ರಶ್ನೆ

“ಬುದ್ಧಿ, ಎಲ್ಲರೂ ಓದಲೆಂದೇ ಜಾಲತಾಣದಲ್ಲಿ ಹಾಕಿರುವ ಬರಹವನ್ನು ನಮ್ಮ ಪುಟಕ್ಕೆ ಹಾಕಿಕೊಳ್ಳುವುದಕ್ಕೂ ಅಪ್ಪಣೆ ಬೇಕೆ?”

ಮಠದ ಜಾಲತಾಣವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಮರುಳಸಿದ್ಧ ಹೀಗೆ ಕೇಳಿದ. ಯಾರೋ ಬರೆದ ಲೇಖನವೊಂದನ್ನು ಅವನು ಬರೆದವರನ್ನು ಕೇಳದೆ, ಅವರ ಹೆಸರೂ ಹಾಕದೆ ಆಗಷ್ಟೇ ಮಠದ ಪುಟಕ್ಕೆ ಸೇರಿಸಿದ್ದ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೀಜದ ವ್ಯಾಪಾರಿ ಇದ್ದ. ಅಂಗಡಿಯ ಹೆಸರಿನಲ್ಲಿ ಅವನೂ ಒಂದು ಜಾಲತಾಣ ಮಾಡಿಕೊಂಡಿದ್ದ. ಆದರೆ ಅದರಲ್ಲಿ ಏನು ಬರೆಯಬೇಕೆಂದು ಅವನಿಗೆ ತೋಚುತ್ತಿರಲಿಲ್ಲ. ಒಮ್ಮೆ ದೂರದ ಊರಿನ ವೈದ್ಯೆಯೊಬ್ಬಳು ಹಿತ್ತಲ ಸೊಪ್ಪುಗಳ ಬಗ್ಗೆ ಬರೆದದ್ದು ಅವನ ಕಣ್ಣಿಗೆ ಬಿತ್ತು. ಅವನು ಅದನ್ನು ಇದ್ದ ಹಾಗೇ ಎತ್ತಿ ತನ್ನ ಪುಟಕ್ಕೆ ಹಾಕಿ, ಕೆಳಗೆ ತನ್ನ ಹೆಸರು ಬರೆದುಕೊಂಡ.

ಓದಿದವರು ಮೆಚ್ಚಿದರು. ಅಂಗಡಿಗೆ ಬಂದವರೂ ಹೊಗಳಿದರು. ವ್ಯಾಪಾರಿ ಉಬ್ಬಿಹೋದ. ಬರಬರುತ್ತಾ ಅದು ತಾನೇ ಬರೆದದ್ದೆಂದು ಅವನಿಗೂ ಅನ್ನಿಸತೊಡಗಿತು.

ಒಂದು ಬೆಳಗ್ಗೆ ಹೆಂಗಸೊಬ್ಬಳು ಬರಹದ ಕೆಳಗೆ ಕೇಳಿದ್ದಳು: “ಅಣ್ಣ, ನಾನು ಬಸುರಿ. ನೀವು ಬರೆದ ಸೊಪ್ಪುಗಳನ್ನೆಲ್ಲ ನಾನು ತಿನ್ನಬಹುದೇ? ಅಡುಗೆಗೆ ಸೋಸಿಟ್ಟಿದ್ದೇನೆ.”

ವ್ಯಾಪಾರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಮರ್ಯಾದೆ ಹೋಗುತ್ತದೆ. ‘ಧಾರಾಳವಾಗಿ ತಿನ್ನಿ’ ಎಂದು ಬರೆದ. ಕಳಿಸಲು ಕೈ ಬರಲಿಲ್ಲ. ಅದನ್ನು ಅಳಿಸಿ, ‘ಸ್ವಲ್ಪ ತಡೆಯಿರಿ ತಾಯಿ, ತಿಳಿದವರನ್ನು ಕೇಳಿ ಹೇಳುತ್ತೇನೆ’ ಎಂದು ಬರೆದು ಕಳಿಸಿದ. ಆಮೇಲೆ ವೈದ್ಯೆಯ ಪುಟ ಹುಡುಕಿ, ಅಲ್ಲಿದ್ದ ನಂಬರಿಗೆ ಫೋನು ಮಾಡಿ, ತಾನು ಮಾಡಿದ್ದನ್ನೆಲ್ಲ ಮುಚ್ಚಿಡದೆ ಹೇಳಿದ.

ವೈದ್ಯೆ ಬೈಯಲಿಲ್ಲ. “ಅದರಲ್ಲಿ ಕೊನೆಯ ಸೊಪ್ಪು ಬಸುರಿಯರಿಗೆ ಆಗುವುದಿಲ್ಲ. ಅದನ್ನು ತೆಗೆದಿಡಲು ಈಗಲೇ ಹೇಳಿ. ಆಕೆಗೆ ನನ್ನ ನಂಬರು ಕೊಡಿ, ಉಳಿದದ್ದನ್ನು ನಾನೇ ಮಾತಾಡುತ್ತೇನೆ,” ಎಂದಳು.

ಅವನು ಹಾಗೇ ಮಾಡಿದ. ಸೊಪ್ಪು ತೆಗೆದಿಟ್ಟೆನೆಂದು ಆ ಹೆಂಗಸು ಬರೆದ ಮೇಲೆಯೇ ಅವನ ಜೀವಕ್ಕೆ ಸಮಾಧಾನವಾದದ್ದು. ಮತ್ತೆ ವೈದ್ಯೆಗೆ ಫೋನು ಮಾಡಿ, “ತಪ್ಪಾಯಿತು ಅಮ್ಮ. ಬರಹವನ್ನು ತೆಗೆದುಬಿಡುತ್ತೇನೆ,” ಎಂದ.

“ಯಾಕೆ ತೆಗೆಯುತ್ತೀರಿ? ಮೊದಲೇ ಕೇಳಿದ್ದರೆ ಬಸುರಿಯರ ಮಾತನ್ನೂ ಸೇರಿಸಿ ಕೊಡುತ್ತಿದ್ದೆ. ಈಗ ಸೇರಿಸಿ ಕಳಿಸುತ್ತೇನೆ. ನನ್ನ ಹೆಸರು ಹಾಕಿ, ನನ್ನ ಪುಟದ ಕೊಂಡಿಯನ್ನೂ ಕೊಡಿ, ಅಷ್ಟು ಸಾಕು.”

ವ್ಯಾಪಾರಿ ತನ್ನ ಹೆಸರು ಅಳಿಸಿ ಅವಳ ಹೆಸರು ಹಾಕಿದ. ಮುಂದೆ ಅವಳ ಎಷ್ಟೋ ಬರಹಗಳು ಅವನ ಪುಟಕ್ಕೆ ಬಂದವು. ಪ್ರತಿಸಲವೂ ಅವನು ಕೇಳಿದ, ಪ್ರತಿಸಲವೂ ಅವಳು ಕೊಟ್ಟಳು. ಹೊಗಳಿಕೆ ಅವಳ ಪಾಲಿಗೆ ಹೋಯಿತು. ಅವನು ಹಾಯಾಗಿ ಬೀಜ ಮಾರಿಕೊಂಡಿದ್ದ. ಆ ಹೆಂಗಸಿಗೂ ಸುಖವಾಗಿ ಹೆರಿಗೆಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಕತೆ ಹಿಡಿಸಿತು. ಆದರೂ ಅವನು, “ಅದು ಊಟದ ವಿಷಯ ಬುದ್ಧಿ, ಜೀವಕ್ಕೇ ತೊಂದರೆಯಾಗುತ್ತಿತ್ತು. ನಾನು ಹಾಕಿರುವುದು ಧ್ಯಾನದ ಬಗ್ಗೆ ಬರೆದ ಲೇಖನ. ಅದರಿಂದ ಯಾರಿಗೆ ಏನಾದೀತು?” ಎಂದ.

“ಹಾಗಾದರೆ ಸರಿ ಮರಿ; ಅದನ್ನು ಓದಿ ಧ್ಯಾನಕ್ಕೆ ಕೂತವನು ನಾಳೆ ಸಂದೇಹ ಕೇಳಲು ಬಂದರೆ, ಅವನನ್ನು ಯಾರ ಹತ್ತಿರ ಕಳಿಸುತ್ತೀಯೆ?”