ಅರವತ್ತೆರಡು ಅಶ್ವಶಕ್ತಿ

ಮಂಗಳೂರಿನ ಡೆನ್ಜಿಲ್ ಪಿಂಟೊ ತನ್ನ ಹಳೆಯ ಕಾರಿನ ಎಂಜಿನ್ ಬಿಚ್ಚಿಸಿ, ದೊಡ್ಡ ಸಿಲಿಂಡರುಗಳನ್ನೂ ಎರಡು ಹೊಸ ಕಾರ್ಬ್ಯುರೇಟರುಗಳನ್ನೂ ಹಾಕಿಸಿದ. ಅದು ನೀರಿಲ್ಲದೆ, ಬರೀ ಫ್ಯಾನಿನ ಗಾಳಿಯಿಂದ ತಣ್ಣಗಾಗುವ ಎಂಜಿನ್. ಹುಟ್ಟಿದಾಗ ಅದಕ್ಕಿದ್ದದ್ದು ನಲವತ್ತು ಅಶ್ವಶಕ್ತಿ. ಈಗ ಕಾರನ್ನು ಶಕ್ತಿ ಅಳೆಯುವ ಯಂತ್ರದ ಮೇಲೆ ನಿಲ್ಲಿಸಿದಾಗ ಅರವತ್ತೆರಡು ಬಂತು. ಎಂಜಿನ್ ಹಿಗ್ಗಿತು. ಡೆನ್ಜಿಲ್ ಮಾತ್ರ ಮುಖ ಸಿಂಡರಿಸಿದ. ಗೆಳೆಯರಿಗೆ, "ನೂರು ಬಂತು," ಎಂದ.

ಅದನ್ನು ಕೇಳಿಸಿಕೊಂಡ ಎಂಜಿನ್ ಫ್ಯಾನಿಗೆ ಹೇಳಿತು: "ಯಜಮಾನರ ಮಾತು ಸುಳ್ಳಾಗಬಾರದು. ನಾನು ನೂರು ಕೊಡುತ್ತೇನೆ."

"ನಿನಗೆ ಹೊಸದೆಲ್ಲ ಬಂತು, ನಾನು ಹಳೆಯವನೇ," ಎಂದಿತು ಫ್ಯಾನ್. "ನಲವತ್ತರ ಬಿಸಿಗೆ ಸಾಕಾಗುವಷ್ಟು ಗಾಳಿ ನನ್ನದು. ಅರವತ್ತೆರಡಕ್ಕೇ ಏದುಸಿರು ಬಿಡುತ್ತಿದ್ದೇನೆ."

"ಅವರು ನನ್ನನ್ನು ನಂಬಿದ್ದಾರೆ."

"ಅದು ನಂಬಿಕೆಯಲ್ಲ. ಅರವತ್ತೆರಡನ್ನು ಅವರೇ ಕಣ್ಣಾರೆ ಕಂಡಿದ್ದಾರೆ."

ಎಂಜಿನ್ ಕೇಳಲಿಲ್ಲ.

ಭಾನುವಾರ ಚಾರ್ಮಾಡಿ ಘಾಟಿಯಲ್ಲಿ ಗೆಳೆಯರ ಹೊಸ ಕಾರು ಮುಂದೆ ಹೋಯಿತು. ಡೆನ್ಜಿಲ್ ಪೆಡಲನ್ನು ಪೂರ್ತಿ ಒತ್ತಿ ಹಿಡಿದ. ಎಂಜಿನ್ ತನ್ನಲ್ಲಿದ್ದುದನ್ನೆಲ್ಲ ಕೊಟ್ಟಿತು. ಐದನೆಯ ತಿರುವಿನಲ್ಲಿ ಪಿಸ್ಟನ್ ಕಾದು ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಂಡು, ಕಾರು ನಿಂತೇ ಹೋಯಿತು.

ಗೆಳೆಯರು ತಿರುಗಿ ಬಂದರು. "ಏನಾಯ್ತು ಮಾರಾಯ?"

"ದರಿದ್ರ ಎಂಜಿನ್! ನನ್ನ ಮರ್ಯಾದೆ ತೆಗೆಯಿತು," ಎಂದು ಡೆನ್ಜಿಲ್ ಕಾರಿಗೊಂದು ಒದೆ ಕೊಟ್ಟು, ಅವರ ಕಾರು ಹತ್ತಿ ಹೊರಟ.

ಆ ಕಾರು ಕಣ್ಮರೆಯಾಯಿತು. ಎಂಜಿನ್ ಫ್ಯಾನಿನ ಕಡೆ ತಿರುಗಿ, "ನಿನ್ನಿಂದಲೇ ಹೀಗಾಯಿತು," ಎಂದಿತು.