ಗೌಡರಿಗೆ ಬೇಕಾದ ಖರೇ ಲಸಿಕೆ

ದವಾಖಾನೆಯಲ್ಲಿ ಡೆಂಗಿ ಜ್ವರದ ಹೊಸ ಲಸಿಕೆಯ ಪರೀಕ್ಷೆ ನಡೆದಿತ್ತು. ಹೋಲಿಸಿ ನೋಡಲು ಅರ್ಧ ಮಂದಿಗೆ ಲಸಿಕೆ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಗುಟ್ಟು. ಸುದ್ದಿ ಕೇಳಿದ್ದೇ ತಡ, ಸಕ್ಕರೆ ಕಾರ್ಖಾನೆ ಚೇರ್ಮನ್ ವೀರನಗೌಡರು ಡ್ರೈವರ್ ಮಾಬುಸಾಬನನ್ನು ಕರೆದುಕೊಂಡು ಧುಮುಗುಟ್ಟುತ್ತ ಬಂದರು.

"ಖರೇ ಲಸಿಕಿ ನನಗ, ನೀರು ಇವಗ. ಇಲ್ಲಂದ್ರ ನಿನ್ನ ನೌಕರಿ ಇರೂದಿಲ್ಲ!"

ಕ್ಲರ್ಕ್ ಫಕೀರವ್ವ ಎರಡು ಸೀಸೆ ತಂದು ಮುಂದಿಟ್ಟಳು.

"ಆತ್ರಿ ಗೌಡ್ರ. ನಿಮ್ಮ ಕೈಲೇನ ಹಂಚ್ರಿ."

ಗೌಡರು ಬೆಳಕಿಗೆ ಹಿಡಿದರು, ಅಲ್ಲಾಡಿಸಿದರು. ಎರಡೂ ಒಂದೇ ಬಣ್ಣ, ಮೇಲೆ ಬರೀ ನಂಬರು. ಒಂದನ್ನು ಮಾಬುಸಾಬನಿಗೆ ಕೊಟ್ಟರು. ಅವನು ನಕ್ಕದ್ದು ಕಂಡು, ಖರೇದೇ ಅವನಿಗೆ ಹೋಯಿತೇನೋ ಎಂದು ಕಸಿದುಕೊಂಡು ಇನ್ನೊಂದು ಕೊಟ್ಟರು. ಅದಕ್ಕೂ ಅವನು ನಕ್ಕ. ಐದನೆಯ ಸಲ ಬದಲಾಯಿಸುವಾಗ ಗೌಡರ ಹಣೆಯಲ್ಲಿ ಬೆವರು.

"ಖರೇದು ಯಾವದವಾ?"

"ನನಗ ಗೊತ್ತಿಲ್ರಿ. ಡಾಕ್ಟರಿಗೂ ಗೊತ್ತಿಲ್ರಿ, ನಂಬರಿನ ಗುಟ್ಟು ಪರೀಕ್ಷೆ ಮುಗದ ಮ್ಯಾಲ ಒಡೀತೈತ್ರಿ. ಎರಡೂ ನೀರ ಇರಬಹುದ್ರಿ."

ಗೌಡರು ಎರಡೂ ಸೀಸೆ ಮೇಜಿನ ಮೇಲೆ ಕುಕ್ಕಿದರು. ಡಾಕ್ಟರಿಗೇ ಗೊತ್ತಿಲ್ಲದ ಔಷಧವೇ?

"ಇದೆಂಥಾ ಹುಚ್ಚರ ದವಾಖಾನಿ! ಯಾಕ ಹಿಂಗ ಮುಚ್ಚಿಟ್ಟಾರ?"

"ಗೊತ್ತಿದ್ರ ಖರೇದೆಲ್ಲಾ ನಿಮ್ಮಂಥವ್ರ ಪಾಲು, ನೀರು ನಮ್ಮಂಥವ್ರ ಪಾಲು ಆಗ್ತಿತ್ರಿ. ಆಮ್ಯಾಲ ನಿಮಗ ಡೆಂಗಿ ಬರಲಿಲ್ಲಂದ್ರ, ಕಾಯ್ದದ್ದು ಲಸಿಕಿನೋ ನಿಮ್ಮ ಸೊಳ್ಳಿಪರದೆನೋ, ಯಾರು ಹೇಳವ್ರು?"

ಮಾಬುಸಾಬ ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದ.

"ನೀವು ಆರಿಸ್ರಿ ಸಾಹೇಬ್ರ. ಉಳಿದದ್ದು ನನಗ ಸಾಕು."

ಗೌಡರ ಕೈ ಎರಡು ಸೀಸೆಗಳ ನಡುವೆ ಇನ್ನೂ ಓಲಾಡುತ್ತಲೇ ಇತ್ತು.